ಖಾನಾಪುರದ ಹೆಸರಿನಲ್ಲಿ ಹದಿನೈದು ಡಿಕ್ಕಿ

೨೦೦೦ನೇ ಇಸವಿ ನವೆಂಬರ್ ತಿಂಗಳ ಮೂರನೆಯ ಸೋಮವಾರ ಮಧ್ಯಾಹ್ನ ಎರಡೂವರೆಗೆ ನಾನು ಎಂಟು ಸಾಲಿನ ಒಂದು ಸುದ್ದಿ ಬರೆದು ಮುಗಿಸಿದೆ. ಬೆಳಗಾವಿ ಮತ್ತು ಖಾನಾಪುರದ ನಡುವೆ ನಡೆಯುತ್ತಿದ್ದ ಕಂಪ್ಯೂಟರ್ ಕಾರ್ ರೇಸ್ ಸರಣಿಯ ಆರನೆಯ ವಾರ ಮುಗಿದಿದೆ, ಹಿಂದಿನಿಂದ ಗುದ್ದಿದ ಹದಿನೈದು ಪ್ರಕರಣ ದಾಖಲಾಗಿರುವುದರಿಂದ ಖಾನಾಪುರದ ಒಬ್ಬ ಸ್ಪರ್ಧಿಯ ಹೆಸರನ್ನು ಪಟ್ಟಿಯಿಂದ ತೆಗೆಯಲಾಗಿದೆ ಎಂಬುದು ಅದರ ಸಾರ. ಸುದ್ದಿ ಮರುದಿನದ ಯುವ ಪುಟಕ್ಕೆ ಹೋಗಬೇಕಿತ್ತು. ಆ ಪುಟ ಸಂಜೆ ಐದಕ್ಕೆ ಮುಗಿಯುತ್ತಿತ್ತು.

ನಾನು ಆಗ ಬೆಳಗಾವಿಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ಕ್ರೀಡಾ ವರದಿಗಾರ. ನನ್ನ ಮುಖ್ಯ ಕೆಲಸ ಕುಸ್ತಿ. ಕಾರ್ ರೇಸಿನ ಅಂಕ ಬರೆದಿಡುವ ಕೆಲಸ ಬಂದದ್ದು ಶಿವಬಸವ ನಗರದ ಸೈಬರ್ ಕೆಫೆಯ ಮಾಲೀಕನಿಂದ. ಅವನಲ್ಲಿ ಆರು ಕಂಪ್ಯೂಟರ್ ಇದ್ದವು. ಖಾನಾಪುರದಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸುವ ಒಂದು ಕೋಣೆಯಲ್ಲಿ ಎರಡು ಇದ್ದವು. ಒಂದು ಊರಿನ ಯಂತ್ರ ಇನ್ನೊಂದು ಊರಿನ ಯಂತ್ರಕ್ಕೆ ಮೋಡೆಮ್ ಮೂಲಕ ನೇರ ಫೋನ್ ಮಾಡಿದರೆ ಇಬ್ಬರು ಒಂದೇ ರಸ್ತೆಯಲ್ಲಿ ಕಾರು ಓಡಿಸಬಹುದಿತ್ತು. ಇಪ್ಪತ್ತಾರು ಕಿಲೋಮೀಟರ್ ದೂರದ ಇಬ್ಬರು ಒಬ್ಬರ ಹಿಂದೆ ಒಬ್ಬರು ತಿರುವು ಹಾಯುವುದನ್ನು ನೋಡಲು ಭಾನುವಾರ ಬೆಳಿಗ್ಗೆ ಕೆಫೆಯ ಮೆಟ್ಟಿಲ ತನಕ ಜನ ನಿಲ್ಲುತ್ತಿದ್ದರು.

"ಅಂಕ ನಾವ ಬರದ್ರ ಖಾನಾಪುರದವರು ನಂಬಂಗಿಲ್ಲ, ಅವರು ಬರದ್ರ ನಮ್ಮ ಹುಡುಗ್ರು ನಂಬಂಗಿಲ್ಲ. ನೀವು ಪೇಪರಿನವರು, ನೀವ ಬರೀರಿ" ಎಂದ ಮಾಲೀಕ. ನಾನು ಒಪ್ಪಿದೆ. ಕೋಷ್ಟಕವನ್ನು ಪ್ರತಿ ಮಂಗಳವಾರ ಯುವ ಪುಟದಲ್ಲಿ ಹಾಕಲು ಸುದ್ದಿ ಸಂಪಾದಕರೂ ಒಪ್ಪಿದರು.

ನಿಯಮ ಮಾಡಿದವನು ನಾನೇ. ಹನ್ನೆರಡು ಸ್ಪರ್ಧಿಗಳು: ಬೆಳಗಾವಿಯ ಎಂಟು, ಖಾನಾಪುರದ ನಾಲ್ಕು. ಎಂಟು ವಾರ. ವಾರಕ್ಕೊಂದು ಪಂದ್ಯ, ಇಬ್ಬರ ನಡುವೆ, ಹತ್ತು ಸುತ್ತು. ಗೆದ್ದರೆ ಹತ್ತು ಅಂಕ, ಸೋತರೆ ನಾಲ್ಕು. ಮುಂದಿನ ಕಾರಿಗೆ ಹಿಂದಿನಿಂದ ಗುದ್ದಿದರೆ ಪ್ರತಿ ಡಿಕ್ಕಿಗೆ ಎರಡು ಅಂಕ ಕಡಿತ. ಒಟ್ಟು ಹದಿನೈದು ಡಿಕ್ಕಿಯಾದರೆ ಹೆಸರು ತೆಗೆಯುವುದು. ಮೊದಲ ವಾರದ ಜೋಡಿ ಚೀಟಿ ಎತ್ತಿ, ಆಮೇಲಿನದು ಅಂಕ ನೋಡಿ. ಹತ್ತಿರದ ಅಂಕದವರಿಗೆ ಹತ್ತಿರದವರು.

ಇದನ್ನು ನಾನು ಕುಸ್ತಿ ಮೈದಾನದಿಂದ ತಂದಿದ್ದೆ. ನಮ್ಮ ಕಡೆಯ ಮೈದಾನದಲ್ಲಿ ಜೋಡಿ ಹಚ್ಚುವುದು ಹಿರಿಯರ ಕೆಲಸ. ಹಿಂದಿನ ಸಲ ಯಾರನ್ನು ಕೆಡವಿದ, ಹೇಗೆ ಹಿಡಿದ ಎಂಬುದನ್ನು ನೋಡಿ ಸಮಬಲದವನನ್ನು ಎದುರು ನಿಲ್ಲಿಸುತ್ತಾರೆ. ಕೆಟ್ಟ ಪಟ್ಟು ಹಾಕುವವನನ್ನು ಕೆಳಗಿನ ಜೋಡಿಗೆ ತಳ್ಳುತ್ತಾರೆ. ಹತ್ತು ವರ್ಷ ನೋಡಿದ ಪದ್ಧತಿ, ಅದರಲ್ಲಿ ನನಗೆ ಕೊರತೆ ಕಂಡಿರಲಿಲ್ಲ.

ಡಿಕ್ಕಿ ಎಣಿಸುವುದು ಆಟದ್ದೇ ಕೆಲಸವಾಗಿತ್ತು. ಎರಡು ಯಂತ್ರಗಳಲ್ಲಿ ಒಂದು ಪಂದ್ಯವನ್ನು ತೆರೆಯಬೇಕು, ಇನ್ನೊಂದು ಅದಕ್ಕೆ ಬಂದು ಸೇರಬೇಕು. ತೆರೆದ ಯಂತ್ರದಲ್ಲಿ ಕೊನೆಗೆ ಫಲಿತಾಂಶದ ಒಂದು ಹಾಳೆ ಉಳಿಯುತ್ತಿತ್ತು: ಸುತ್ತಿನ ವೇಳೆ, ಗೆದ್ದವರು, ಡಿಕ್ಕಿಗಳು, ಯಾರಿಂದ ಯಾರಿಗೆ. ಬೆಳಗಾವಿಯ ಯಂತ್ರಗಳು ಹೊಸವು. ಫ್ಲಾಪಿಯಲ್ಲಿ ಹಾಳೆ ತೆಗೆದುಕೊಂಡು ಆಫೀಸಿಗೆ ಹೋಗಲು ನನಗೂ ಶಿವಬಸವ ನಗರವೇ ಅನುಕೂಲ. ಹಾಗಾಗಿ ಎರಡು ಊರಿನ ನಡುವಿನ ಪ್ರತಿ ಪಂದ್ಯವನ್ನೂ ಬೆಳಗಾವಿಯಿಂದಲೇ ತೆರೆದೆವು. ಈ ಬಗ್ಗೆ ಯಾರೂ ಚರ್ಚೆ ಮಾಡಲಿಲ್ಲ.

ಆ ಆರು ವಾರಗಳಲ್ಲಿ ನಮ್ಮ ತಕರಾರುಗಳೆಲ್ಲ ಫೋನ್ ಲೈನಿನ ಮೇಲೆ. ಕೆಫೆಯ ಪಕ್ಕದ ಮನೆಯಲ್ಲಿ ಅದೇ ಲೈನಿನ ಇನ್ನೊಂದು ಫೋನ್ ಇತ್ತು. ಎರಡನೆಯ ವಾರ ಅಲ್ಲಿ ಯಾರೋ ರಿಸೀವರ್ ಎತ್ತಿದ್ದಕ್ಕೆ ಒಂಬತ್ತನೆಯ ಸುತ್ತಿನಲ್ಲಿ ಪಂದ್ಯ ನಿಂತುಹೋಯಿತು. ಮಾಲೀಕ ಓಡಿಹೋಗಿ ಕೇಳಿದರೆ ಆ ಮನೆಯ ಅಜ್ಜಿ, "ಫೋನಿನಾಗ ಹಾವು ಬುಸ್ ಅನ್ನಾಕ ಹತ್ತಿತ್ತೋ ಯಪ್ಪಾ, ನಾ ಅಂಜಿ ಇಟ್ಟೆ" ಎಂದಳು. ಪಂದ್ಯ ಮತ್ತೆ ಮೊದಲಿನಿಂದ ಆಡಿಸಿದೆವು. ಮಳೆ ಬಂದ ದಿನ ಲೈನಿನ ವೇಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ಆಗ ಎದುರಾಳಿಯ ಕಾರು ಪರದೆಯ ಮೇಲೆ ಮಿಡತೆಯಂತೆ ಜಿಗಿಯುತ್ತಿತ್ತು. ಅಂಥ ಪಂದ್ಯಗಳನ್ನು ಮುಂದೂಡುತ್ತಿದ್ದೆವು. ಉಳಿದವು ಸರಿಯಾಗಿವೆ ಎಂದೇ ನಾನು ತಿಳಿದಿದ್ದೆ.

ಖಾನಾಪುರದ ನಾಲ್ವರಲ್ಲಿ ಚೆನ್ನಾಗಿ ಓಡಿಸುತ್ತಿದ್ದವಳು ಆ ಟೈಪಿಂಗ್ ಕೋಣೆಯ ಶಿಕ್ಷಕಿ. ಇಪ್ಪತ್ತೇಳು ವರ್ಷ. ಬೆಳಗಾವಿಯವರ ಹತ್ತಿರ ಪ್ಲಾಸ್ಟಿಕ್ ಸ್ಟೇರಿಂಗ್ ಮತ್ತು ಪೆಡಲ್ ಇದ್ದವು. ಆಕೆ ಕೀಲಿಮಣೆಯ ಗುಂಡಿಗಳಿಂದಲೇ ಓಡಿಸುತ್ತಿದ್ದಳು. ತಿರುವಿನ ತೀರ ಹತ್ತಿರ ಬಂದು ಬ್ರೇಕಿನ ಗುಂಡಿಯನ್ನು ಒಂದೇ ಏಟಿಗೆ ಒತ್ತಿ ಬಿಡುವುದು ಆಕೆಯ ರೀತಿ. ಮೊದಲ ವಾರ ಚೀಟಿಯಲ್ಲಿ ಅವಳಿಗೆ ಸಿಕ್ಕವನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಅವನು ಗೆದ್ದ. ಆದರೂ ಎದ್ದು ನಿಂತು ಕೂಗಿದ: "ಎರಡ ಸಲ ಗುದ್ಯಾಳ್ರೀ! ಹಾಳ್ಯಾಗ ನೋಡ್ರಿ. ಇದೇನು ರೇಸೋ, ಎಮ್ಮಿ ಗುದ್ದಾಟೋ?"

ಹಾಳೆಯಲ್ಲಿ ಎರಡು ಡಿಕ್ಕಿ ಇದ್ದವು, ಅವಳ ಹೆಸರಿನಲ್ಲಿ. ಸೋತದ್ದಕ್ಕೆ ನಾಲ್ಕು, ಅದರಲ್ಲಿ ನಾಲ್ಕು ಕಡಿತ. ಸೊನ್ನೆ ಬರೆದೆ.

ಎರಡನೆಯ ವಾರ ಆಕೆ ಗೆದ್ದಳು, ಮೂರು ಡಿಕ್ಕಿ. ಮೂರನೆಯ ವಾರ ಗೆಲುವು, ನಾಲ್ಕು ಡಿಕ್ಕಿ. ನಾಲ್ಕನೆಯ ವಾರ ಗೆಲುವು, ಮೂರು. ಮೂರು ಪಂದ್ಯ ಗೆದ್ದ ಮೇಲೂ ಹತ್ತು ಅಂಕ. ಖಾನಾಪುರದ ಉಳಿದ ಮೂವರದ್ದೂ ಹೆಚ್ಚುಕಡಿಮೆ ಅದೇ ಕಥೆ. ಅಂಕ ನೋಡಿ ಜೋಡಿ ಹಚ್ಚುತ್ತಿದ್ದರಿಂದ ನಾಲ್ವರೂ ಕೋಷ್ಟಕದ ತಳಕ್ಕೆ ಇಳಿದರು. ಮೇಲಿನ ಆರೂ ಸ್ಥಾನ ಬೆಳಗಾವಿಯವರದು. ಅವರು ಕೆಫೆಯ ಒಳಗೇ, ಒಂದೇ ಕೇಬಲ್ಲಿನ ಮೇಲೆ, ತಮ್ಮತಮ್ಮಲ್ಲೇ ಆಡತೊಡಗಿದರು. ಐದನೆಯ ವಾರ ಶಿಕ್ಷಕಿಗೆ ಜೋಡಿಯಾಗಿ ಬಂದವನೂ ಖಾನಾಪುರದವನೇ, ಅಲ್ಲೂ ಆಕೆಯೇ ಗೆದ್ದಳು. ಆ ಭಾನುವಾರ ಒಂದೂ ತಕರಾರು ಬರಲಿಲ್ಲ. ಪದ್ಧತಿ ಕುದುರಿತು ಎಂದು ನಾನು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಆರನೆಯ ವಾರ ಬೆಳಗಾವಿಯ ಕೆಳಗಿನ ಸ್ಥಾನದ ಒಬ್ಬನ ಎದುರು ಆಕೆ ಗೆದ್ದಳು. ಮೂರು ಡಿಕ್ಕಿ. ಒಟ್ಟು ಹದಿನೈದು. ಮಾಲೀಕ ಅಂದೇ ಫೋನ್ ಮಾಡಿ ಆಕೆಗೆ ತಿಳಿಸಿದ.

ಸೋಮವಾರ ಮೂರು ಗಂಟೆಗೆ ಆಕೆ ಆಫೀಸಿಗೆ ಬಂದಳು. ನಾನು ಮುಖ ನೋಡಿದ್ದು ಅದೇ ಮೊದಲು. ಬಸ್ಸಿನ ಧೂಳು ಸೀರೆಯ ಮೇಲಿತ್ತು. ಕೈಯಲ್ಲಿ ಒಂದು ರಟ್ಟಿನ ಫೈಲು.

"ಕುಂದರ್ರಿ" ಎಂದೆ. ಕೂಡಲಿಲ್ಲ.

"ಸರ್, ನೀವು ಬರದಿದ್ದು ಓದಬೌದೇನ್ರಿ?"

ತೋರಿಸುವ ಪದ್ಧತಿ ಇಲ್ಲ. ಆದರೂ ತೋರಿಸಿದೆ. ಓದಿ, ಒಂದು ಶಬ್ದದ ಮೇಲೆ ಬೆರಳಿಟ್ಟಳು. 'ಅಕ್ರಮ ಚಾಲನೆ' ಎಂದು ಬರೆದಿದ್ದೆ.

"ಈ ಶಬ್ದ ನನ್ನ ಹೆಸರಿನ ಬಾಜು ಬಂದ್ರ ನನ್ನ ಕೆಲಸ ಮುಗೀತ್ರಿ."

ಆಮೇಲೆ ಕೂತು ಹೇಳಿದಳು. ಸರಕಾರಿ ಟೈಪಿಂಗ್ ಪರೀಕ್ಷೆಗೆ ಖಾನಾಪುರದಲ್ಲಿ ಕೇಂದ್ರ ಇರಲಿಲ್ಲ. ಪರೀಕ್ಷೆಗೆ ಕೂರುವವರು ತಮ್ಮ ಟೈಪ್‌ರೈಟರನ್ನು ತಾವೇ ತರಬೇಕು. ಆಕೆಯ ವಿದ್ಯಾರ್ಥಿಗಳು ಯಂತ್ರಗಳನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಕಟ್ಟಿ ಬೆಳಗಾವಿಗೆ ತರುತ್ತಿದ್ದರು. ಹಿಂದಿನ ವರ್ಷ ಬೀಡಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರ ಯಂತ್ರಗಳಲ್ಲಿ ರಸ್ತೆಯ ಕುಲುಕಿಗೆ ಅಕ್ಷರದ ಕಡ್ಡಿ ಬಾಗಿ, ಇಬ್ಬರೂ ನಪಾಸಾದರು. ತನ್ನ ಕೋಣೆಯನ್ನೇ ಪರೀಕ್ಷಾ ಕೇಂದ್ರ ಮಾಡಿ ಎಂದು ಆಕೆ ಅರ್ಜಿ ಹಾಕಿದ್ದಳು. ತಪಾಸಣೆಗೆ ಅಧಿಕಾರಿ ಬರುವುದು ಆ ವಾರದ ಶನಿವಾರ. ಕೇಂದ್ರ ಕೊಡುವಾಗ ಅವರು ನೋಡುವುದು ಯಂತ್ರಗಳ ಸಂಖ್ಯೆ, ಬೆಳಕು, ಮತ್ತು ನಡೆಸುವವರ ಮೇಲೆ ಏನಾದರೂ ದೂರಿದೆಯೇ ಎಂಬುದು.

"ಆಟದಾಗ ಮೋಸ ಮಾಡಾಕಿ ಪರೀಕ್ಷಾದಾಗ ಬಿಡ್ತಾಳೇನು ಅಂತಾರ್ರಿ. ನಾ ಆದ್ರೂ ಹಂಗ ಅಂತಿದ್ನಿ" ಎಂದಳು.

ಫೈಲಿನಿಂದ ಒಂದು ಹಾಳೆ ತೆಗೆದಳು. ಅಚ್ಚುಕಟ್ಟಾಗಿ ಟೈಪ್ ಮಾಡಿದ ಕೋಷ್ಟಕ. ಬೆಳಗಾವಿಯವರೊಂದಿಗೆ ಆಡಿದ ಐದು ಪಂದ್ಯಗಳಲ್ಲಿ ತನ್ನ ಪರದೆಯ ಮೇಲೆ ತಾನು ಕಂಡ ಡಿಕ್ಕಿಗಳನ್ನು ಸುತ್ತಿನ ಸಂಖ್ಯೆ ಸಮೇತ ಬರೆದಿದ್ದಳು. ಒಟ್ಟು ಹದಿಮೂರು. ಹದಿಮೂರೂ ಎದುರಾಳಿಗಳಿಂದ ಆಕೆಗೆ. ಆಕೆಯಿಂದ ಎದುರಾಳಿಗಳಿಗೆ ಒಂದೂ ಇಲ್ಲ.

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ನಾನು ನನ್ನ ಹಾಳೆಗಳನ್ನು ತೆಗೆದೆ. ಅವಳ ಹೇಳಿಕೆಯನ್ನು ನಂಬಲು ನನಗೆ ಕಾರಣವಿರಲಿಲ್ಲ. ಸಿಕ್ಕಿಬಿದ್ದವರು ಎದುರಿನವರ ಮೇಲೆ ಹಾಕುವುದನ್ನು ದಿನವೂ ಕೇಳುವವನು ನಾನು. ಆದರೆ ಒಂದು ಸಂಗತಿಗೆ ಉತ್ತರ ಹೊಳೆಯಲಿಲ್ಲ. ಐದನೆಯ ವಾರ, ಖಾನಾಪುರದ ಎರಡು ಯಂತ್ರಗಳ ನಡುವೆ ಕೇಬಲ್ಲಿನ ಮೇಲೆ ಆಡಿದ ಪಂದ್ಯದಲ್ಲಿ, ಅವಳ ಡಿಕ್ಕಿ ಸೊನ್ನೆ. ಇದು ಅವಳ ಮಾತಲ್ಲ, ಆಟದ್ದೇ ಹಾಳೆ. ಉಳಿದವನ್ನೂ ಅದೇ ಕಣ್ಣಿನಿಂದ ಎಣಿಸಿದೆ. ಆರು ವಾರದಲ್ಲಿ ದಾಖಲಾದ ಡಿಕ್ಕಿಗಳು ಐವತ್ತೆರಡು. ನಲವತ್ತೇಳು ಖಾನಾಪುರದ ನಾಲ್ವರವು. ನಲವತ್ತೇಳೂ ಫೋನಿನ ಮೇಲೆ ಆಡಿದ ಪಂದ್ಯಗಳಲ್ಲಿ. ಕೇಬಲ್ಲಿನ ಮೇಲೆ ಆಡಿದಾಗ ಆ ನಾಲ್ವರು ಒಮ್ಮೆಯೂ ಯಾರಿಗೂ ಗುದ್ದಿರಲಿಲ್ಲ.

ಐದನೆಯ ವಾರ ತಕರಾರು ಬಾರದ್ದು ಪದ್ಧತಿ ಕುದುರಿದ್ದಕ್ಕಲ್ಲ ಎಂಬುದು ಆಗ ತಿಳಿಯಿತು. ಆ ವಾರ ಎರಡು ಊರಿನವರು ಒಬ್ಬರನ್ನೊಬ್ಬರು ಹೆಚ್ಚು ಎದುರಿಸಿರಲೇ ಇಲ್ಲ. ನನ್ನ ಜೋಡಿಯ ನಿಯಮವೇ ಅವರನ್ನು ಬೇರೆ ಮಾಡಿತ್ತು.

ಸುದ್ದಿ ಸಂಪಾದಕರ ಮೇಜಿಗೆ ಹೋದೆ. ಅವರು ಪುಟದ ನಕ್ಷೆಯಲ್ಲಿ ನನ್ನ ಎಂಟು ಸಾಲಿಗೆ ಜಾಗ ಬಿಟ್ಟಿದ್ದರು.

"ಈ ಸುದ್ದಿ ತಡೀಬೇಕ್ರಿ."

"ಯಾಕ? ತಪ್ಪೈತೇನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ಮಷೀನ್ ಎಣಿಸೈತಿ ಅಂದಿ."

"ಎಣಿಸಿದ್ದು ಒಂದ ಮಷೀನ್ರಿ. ಇನ್ನೊಂದನ್ನ ನಾನು ಕೇಳಿಲ್ಲ."

ಅವರು ಕನ್ನಡಕ ಹಣೆಗೆ ಏರಿಸಿದರು. "ಹತ್ತು ವರ್ಷ ಆತು ನೀ ಬಂದು. ಒಂದ ಬಾಜೂದವರ ಮಾತು ಕೇಳಿ ಬರೀಬ್ಯಾಡ ಅಂತ ಮಷೀನಿನ ಮಾತಿಗೂ ಬ್ಯಾರೆ ಹೇಳಬೇಕೇನು ನಿನಗ?" ಎಂದು ಗಡಿಯಾರ ನೋಡಿದರು. "ನಿನ್ನ ಕಾರು ನಿಂದರಬೌದು, ನನ್ನ ಪುಟ ನಿಂದರಂಗಿಲ್ಲ. ಜಾಗಕ್ಕ ಬ್ಯಾರೆ ಹಾಕ್ತೀನಿ. ಗುರುವಾರ ಸಂಜೀಗೆ ಒಂದು ಸುದ್ದಿ ಕೊಡು, ಶುಕ್ರವಾರ ಹಾಕೂಣು. ಆಕಿ ಹೆಸರು ತಗದೀವಿ ಅಂತಾದ್ರೂ ಬರಿ, ನಾವ ತಪ್ಪು ಮಾಡೀವಿ ಅಂತಾದ್ರೂ ಬರಿ. ಏನೂ ಇಲ್ಲ ಅಂತ ಮಾತ್ರ ಬರಬ್ಯಾಡ."

ತಪಾಸಣೆ ಶನಿವಾರ. ಶಿಕ್ಷಕಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಗುರುವಾರ ಪರೀಕ್ಷೆ ಮಾಡುತ್ತೇವೆ, ತಪ್ಪು ನಿಮ್ಮದೇ ಎಂದಾದರೆ ಶುಕ್ರವಾರ ಹೆಸರು ಸಮೇತ ಬರುತ್ತದೆ.

"ಬರ್ಲಿ" ಎಂದಳು. ಎದ್ದು ನಿಂತ ಮೇಲೆ, "ನಾಕೂವರಿ ಬಸ್ ಹೋತೇನ್ರಿ?" ಎಂದು ಕೇಳಿದಳು.

ಪರೀಕ್ಷೆಯ ಕ್ರಮವನ್ನು ಹಾಕಿಕೊಂಡಾಗ ನನ್ನ ತಪ್ಪಿನ ಜಾಗ ಕಂಡಿತು. ಕುಸ್ತಿಯಲ್ಲಿ ಎರಡು ಊರಿನ ಜೋಡಿ ಬಿದ್ದರೆ ಎರಡೂ ಊರಿನ ಪಂಚರು ಮಣ್ಣಿಗೆ ಇಳಿಯುತ್ತಾರೆ. ಒಬ್ಬ ಪೈಲ್ವಾನರ ಬೆನ್ನ ಕಡೆ, ಇನ್ನೊಬ್ಬ ಮುಖದ ಕಡೆ. ಬೆನ್ನು ನೆಲ ಮುಟ್ಟಿತೋ ಇಲ್ಲವೋ ಎಂಬುದು ಒಂದೇ ಕಡೆಯಿಂದ ಕಾಣುವುದಿಲ್ಲ. ನಾನು ಮೈದಾನದಿಂದ ಜೋಡಿ ಹಚ್ಚುವುದನ್ನು ತಂದಿದ್ದೆ, ಕೆಳಗೆ ತಳ್ಳುವುದನ್ನು ತಂದಿದ್ದೆ, ಎರಡನೆಯ ಪಂಚನನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಆಡಲು ಟರ್ನರನೇ ಬೇಕೆಂದೆ. ಅಷ್ಟರಲ್ಲಿ ಆರು ಪಂದ್ಯವನ್ನೂ ಗೆದ್ದು ಅರವತ್ತು ಅಂಕದೊಂದಿಗೆ ಅವನು ಮೊದಲಿದ್ದ. ಗುರುವಾರ ಅವನ ಕಾರ್ಖಾನೆಗೆ ರಜೆ. ಬಂದವನೇ ಸಿಡುಕಿದ.

"ಏನ್ರೀ ಸಾಹೇಬ್ರ, ಅಕ್ಕೋರು ಬಂದು ಎರಡ ಮಾತು ಆಡಿದ್ರ ಕಾಯ್ದೆ ಬದಲ ಆಗತೈತೇನು? ನಾನೂ ಬಂದು ಅಳಲ್ಯಾ?"

"ಅಳೂದು ಬ್ಯಾಡ, ಓಡಸ್ರಿ ಸಾಕು."

ಕೆಫೆಯ ಮಾಲೀಕ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗಿದ್ದ. ಆಕೆಯ ಪರದೆಯನ್ನು ನೋಡುವವನು ಬೆಳಗಾವಿಯವನೇ ಆಗಿರಬೇಕೆಂದು ನಾನೇ ಕಳಿಸಿದ್ದೆ. ಇಲ್ಲಿನ ಪರದೆಗೆ ನಾನು. ಮೋಡೆಮ್ ಲೈನಿನಲ್ಲಿರುವಾಗ ಮಾತಾಡಲು ಆಗುವುದಿಲ್ಲ, ಅದೂ ಒಳ್ಳೆಯದೇ ಆಯಿತು. ಇಬ್ಬರೂ ಕಂಡ ಡಿಕ್ಕಿಗಳನ್ನು ಸುತ್ತಿನ ಸಂಖ್ಯೆ ಹಾಕಿ ಬರೆಯುವುದು, ಚೀಟಿ ಮಡಚಿಟ್ಟ ಮೇಲೆ ಲೈನ್ ಕಡಿದು ಫೋನಿನಲ್ಲಿ ಓದುವುದು.

ಹನ್ನೊಂದೂಕಾಲಿಗೆ ಮೊದಲ ಪಂದ್ಯ. ಎಂದಿನಂತೆ ಬೆಳಗಾವಿಯಿಂದ ತೆರೆದೆವು. ನನ್ನ ಚೀಟಿ: ಆಕೆಯಿಂದ ಟರ್ನರನಿಗೆ ನಾಲ್ಕು ಡಿಕ್ಕಿ. ಯಂತ್ರದ ಹಾಳೆಯೂ ನಾಲ್ಕು ಎಂದಿತು.

"ಆತಲ್ರೀ? ಬರ್ಕೋರಿ" ಎಂದು ಟರ್ನರ್ ಎದ್ದೇಬಿಟ್ಟ.

ಖಾನಾಪುರಕ್ಕೆ ಫೋನ್ ಮಾಡಿದೆ. ಮಾಲೀಕನ ದನಿ ಬೇರೆಯಾಗಿತ್ತು. "ಅರೆ ಭಾಯ್, ಇಲ್ಲಿ ಆಕಿ ಒಂದೂ ಗುದ್ದಿಲ್ಲ. ಖುದಾ ಕಸಮ್. ಮೂರು ಸಲ ನಮ್ಮಾವ ಹಿಂದಿಂದ ಬಂದು ಆಕಿಗೆ ಹಾಕ್ಯಾನ. ಎರಡನೇ ಸುತ್ತು, ಐದು, ಒಂಬತ್ತು. ಬರದೀನಿ."

"ಸುಳ್ಳ!" ಎಂದ ಟರ್ನರ್, ಫೋನಿಗೆ ಕೇಳುವಂತೆ. "ಚಾ ಕುಡಿಸ್ಯಾಳೇನು ಅವಂಗ ಅಲ್ಲಿ?"

"ಕುಡದೀನೋ ಯಾರ್. ಕಣ್ಣಿಗೆ ಚಾ ಹಾಕಿಲ್ಲಲ್ಲ!" ಎಂದ ಮಾಲೀಕ ಅತ್ತಲಿಂದ.

ಎರಡನೆಯ ಪಂದ್ಯವನ್ನು ಖಾನಾಪುರದಿಂದ ತೆರೆಸಿದೆ. ಎರಡು ಊರಿನ ನಡುವಿನ ಪಂದ್ಯಕ್ಕೆ ಆರು ವಾರದಲ್ಲಿ ಅದೇ ಮೊದಲ ಸಲ. ಅದೇ ಇಬ್ಬರು, ಅದೇ ರಸ್ತೆ, ಅದೇ ಕಾರು. ಟರ್ನರ್ ಬೇಕೆಂದೇ ಹುಷಾರಾಗಿ ಓಡಿಸಿದ, ತಿರುವಿಗೆ ಮೊದಲೇ ವೇಗ ಇಳಿಸಿದ. ನಮ್ಮ ಪರದೆಯ ಮೇಲೆ ಅವನು ಆಕೆಯ ಕಾರಿಗೆ ಒಮ್ಮೆಯೂ ತಾಗಲಿಲ್ಲ. ಆಕೆಯೇ ಅವನಿಗೆ ಎರಡು ಸಲ ತಾಗಿದಳು. ಮುಗಿದ ಮೇಲೆ ಮಾಲೀಕ ಅಲ್ಲಿನ ಯಂತ್ರದ ಹಾಳೆ ಓದಿದ. ಟರ್ನರನಿಂದ ನಾಲ್ಕು ಡಿಕ್ಕಿ, ಶಿಕ್ಷಕಿಯಿಂದ ಸೊನ್ನೆ. ನಮ್ಮ ನಿಯಮದ ಪ್ರಕಾರ ಅದೇ ಅಧಿಕೃತ ಹಾಳೆ. ಟರ್ನರನಿಗೆ ಎಂಟು ಅಂಕ ಕಡಿತ.

ಅವನು ರಿಸೀವರ್ ಕಸಿದುಕೊಂಡ. "ನಾ ಎಲ್ಲಿ ಗುದ್ದೀನಿ? ನಾ ಮುಟ್ಟೇ ಇಲ್ಲ! ಸಾಹೇಬ್ರು ನನ್ನ ಬಾಜೂಕ ನಿಂತಾರ, ಕೇಳ್ರಿ ಅವರನ್ನ!"

ಆ ಕಡೆ ಫೋನ್ ಕೈ ಬದಲಾಯಿತು. ಶಿಕ್ಷಕಿ ಒಂದೇ ಮಾತು ಹೇಳಿದಳು. ಅವನು ರಿಸೀವರನ್ನು ನನಗೆ ಕೊಟ್ಟು ಸ್ಟೂಲಿನ ಮೇಲೆ ಕೂತ. ಏನೆಂದಳು ಎಂದು ಕೇಳಿದೆ.

"'ನನಗೂ ಆರು ವಾರದಿಂದ ಹಿಂಗ ಆಗಾಕತ್ತೈತ್ರಿ ಅಣ್ಣಾ' ಅಂದ್ಲು."

ಮೂರನೆಯ ಪರೀಕ್ಷೆ ಟರ್ನರನೇ ಸೂಚಿಸಿದ್ದು. ಯಂತ್ರ ಬಿಚ್ಚಿ ನೋಡುವ ಬುದ್ಧಿ ಅವನದು. "ಓಡೋದು ಬ್ಯಾಡ. ನಾ ಗಾಡಿ ನಿಂದರಸ್ತೀನಿ. ಆಕಿ ಜೋರಾಗಿ ಬಂದು ನನ್ನ ಹಿಂದ ಬ್ರೇಕ್ ಹಾಕ್ಲಿ. ಎರಡು ಗಾಡಿಯಷ್ಟು ಜಾಗ ಬಿಟ್ಟು. ನಿಂತ ಗಾಡಿಯಂತೂ ಸುಳ್ಳು ಹೇಳಂಗಿಲ್ಲಲ?"

ಮತ್ತೆ ಬೆಳಗಾವಿಯಿಂದ ತೆರೆದೆವು. ಟರ್ನರ್ ನೇರ ರಸ್ತೆಯ ನಡುವೆ ಕಾರು ನಿಲ್ಲಿಸಿ, ಎರಡೂ ಕೈ ಮೇಲೆತ್ತಿ ಕೂತ. ಹಿಂದಿನ ಕನ್ನಡಿಯ ಚೌಕದಲ್ಲಿ ಆಕೆಯ ಕೆಂಪು ಕಾರು ದೊಡ್ಡದಾಗುತ್ತ ಬಂತು. ನಿಲ್ಲಲಿಲ್ಲ. ಟರ್ನರನ ಕಾರಿನ ಹಿಂಬದಿಗೆ ಬಡಿಯಿತು, ಅವನ ಕಾರು ಅರ್ಧ ಸುತ್ತು ತಿರುಗಿತು. ಮರುಕ್ಷಣ ಕೆಂಪು ಕಾರು ಮಾಯವಾಗಿ ಎರಡು ಕಾರಿನಷ್ಟು ಹಿಂದೆ ಕಾಣಿಸಿಕೊಂಡಿತು. ಅಲ್ಲಿ ಶಾಂತವಾಗಿ ನಿಂತಿತ್ತು, ಮೊದಲಿನಿಂದಲೂ ಅಲ್ಲೇ ಇದ್ದಂತೆ.

ಟರ್ನರ್ ಎತ್ತಿದ ಕೈಗಳನ್ನು ಇಳಿಸಿದ.

"ಅವ್ವನ, ದೆವ್ವದ ಗಾಡಿ" ಎಂದ ಟರ್ನರ್ ಮೆಲ್ಲಗೆ.

ಫೋನಿನಲ್ಲಿ ಮಾಲೀಕ ಓದಿದ: "ಎರಡು ಗಾಡಿ ಸಂದು ಬಿಟ್ಟು ನಿಂತಾಳ. ತಾಗಿಲ್ಲ. ನಮ್ಮಾವ್ನ ಗಾಡಿ ತಾನ ಗಿರ್ರ ತಿರುಗಿತು, ಯಾಕ ಅಂತ ತಿಳೀಲಿಲ್ಲ."

ನಾಲ್ಕು ಸಲ ಮಾಡಿದೆವು. ನಾಲ್ಕೂ ಸಲ ಅದೇ. ಕಾರಣವನ್ನು ಟರ್ನರ್ ಮತ್ತು ಮಾಲೀಕ ಫೋನಿನಲ್ಲೇ ಕೂಡಿ ಬಿಡಿಸಿದರು. ಆಟಗಾರ ಬ್ರೇಕ್ ಒತ್ತಿದ ಸುದ್ದಿ ಫೋನ್ ಲೈನಿನಲ್ಲಿ ಬರಲು ಕಾಲು ಸೆಕೆಂಡೋ ಅರ್ಧ ಸೆಕೆಂಡೋ ಹಿಡಿಯುತ್ತದೆ. ಅದು ಬರುವ ತನಕ ಯಂತ್ರ ಸುಮ್ಮನಿರುವುದಿಲ್ಲ, ಕಾರು ಅದೇ ವೇಗದಲ್ಲಿ ಬರುತ್ತಿದೆ ಎಂದು ಊಹಿಸಿ ಮುಂದೆ ಓಡಿಸುತ್ತದೆ. ಆ ಊಹೆಯ ಕಾರು ಗುದ್ದುತ್ತದೆ. ಖರೇ ಕಾರು ಹಿಂದೆ ನಿಂತಿರುತ್ತದೆ. ಎರಡೂ ಕಡೆ ಹೀಗೇ ಆಗುವುದರಿಂದ ಪ್ರತಿಯೊಬ್ಬನಿಗೂ ಎದುರಿನವನೇ ಗುದ್ದಿದಂತೆ ಕಾಣುತ್ತದೆ. ಹಾಳೆ ಬರೆಯುವುದು ಮಾತ್ರ ಪಂದ್ಯ ತೆರೆದ ಯಂತ್ರ. ಪೆಡಲ್ ಒತ್ತುವವನು ಬ್ರೇಕನ್ನು ನಿಧಾನ ಹಾಕುತ್ತಾನೆ, ಊಹೆ ಅಷ್ಟು ತಪ್ಪುವುದಿಲ್ಲ. ಗುಂಡಿಯನ್ನು ಒಂದೇ ಏಟಿಗೆ ಒತ್ತುವ ಟೈಪಿಂಗ್ ಶಿಕ್ಷಕಿಯ ವಿಷಯದಲ್ಲಿ ಅದು ಅತಿ ಹೆಚ್ಚು ತಪ್ಪುತ್ತಿತ್ತು. ಖಾನಾಪುರದ ನಾಲ್ವರಲ್ಲಿ ಆಕೆಯ ಡಿಕ್ಕಿಗಳೇ ಹೆಚ್ಚು ಇದ್ದದ್ದು ಅದಕ್ಕೆ.

ಮಧ್ಯಾಹ್ನ ಒಂದೂವರೆಗೆ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಭುಜ ಹಗುರಾಗಿತ್ತು. ಸೋಮವಾರ ಎರಡೂವರೆಯಿಂದ ಮೂರರ ನಡುವೆ ಆ ಎಂಟು ಸಾಲು ಕಂಪೋಸಿಂಗಿಗೆ ಹೋಗಿದ್ದರೆ, ಆಕೆಯ ಬಸ್ಸು ಅರ್ಧ ತಾಸು ತಡವಾಗಿದ್ದರೆ ಎಂದು ಒಂದು ಸಲ ಯೋಚಿಸಿದೆ. ಟರ್ನರ್ ಎರಡು ಚಹಾ ಹೇಳಿ ಬಂದು ಬಾಜೂಕ ಕೂತ.

"ಈಗ ಆಕಿ ಅಂಕ ಎಷ್ಟಾಗತೈತ್ರಿ?"

"ಕಡಿತ ತಗದ್ರ ಐವತ್ನಾಕು. ನಿಮ್ಮ ಹಿಂದ, ಎರಡನೇ ನಂಬರ್."

ಅವನು ಲೆಕ್ಕ ಹಾಕಿದ. "ಅದೂ ಬರೋಬರಿ ಅಲ್ರಿ. ಕೆಳಗ ತಳ್ಳಿದ್ದಕ್ಕ ಆಕಿ ಹಗರ ಮಂದಿ ಕೂಡ ಆಡ್ಯಾಳ. ನಾ ಕಠಿಣ ಮಂದಿ ಕೂಡ ಆಡೀನಿ. ಆಕಿ ಹತ್ತು ಅಂಕ, ನನ್ನ ಹತ್ತು ಅಂಕ, ಒಂದ ತೂಕೇನು?"

ಅವನ ಮಾತು ಸರಿಯಿತ್ತು. ಕಡಿತವನ್ನು ಅಳಿಸಬಹುದು, ಐದು ವಾರ ತಪ್ಪಾಗಿ ಹಚ್ಚಿದ ಜೋಡಿಗಳನ್ನು ಅಳಿಸಲು ಆಗುವುದಿಲ್ಲ. ಅದನ್ನೂ ಬರೆಯುವುದೆಂದು ತೀರ್ಮಾನಿಸಿದೆ. ನಾಲ್ಕು ಗಂಟೆಗೆ ಇಪ್ಪತ್ತೆರಡು ಸಾಲಿನ ಸುದ್ದಿ ಕೊಟ್ಟೆ. ಫೋನಿನ ಮೇಲೆ ಆಡಿದ ಎಲ್ಲ ಪಂದ್ಯಗಳ ಡಿಕ್ಕಿ ಕಡಿತ ರದ್ದು. ಯಾರ ಹೆಸರನ್ನೂ ತೆಗೆದಿಲ್ಲ. ಎಣಿಕೆ ಒಂದೇ ಕಡೆಯಿಂದ ನಡೆದದ್ದು ಅಂಕ ಬರೆಯುವವರ ತಪ್ಪು. ಹಿಂದಿನ ಜೋಡಿಗಳು ಅದೇ ತಪ್ಪಿನ ಮೇಲೆ ನಿಂತಿದ್ದವು, ಆದ್ದರಿಂದ ತಿದ್ದಿದ ಕೋಷ್ಟಕವೂ ಪೂರ್ತಿ ಸರಿಯಲ್ಲ. ಇನ್ನು ಮುಂದೆ ಎರಡು ಊರಿನ ನಡುವಿನ ಪಂದ್ಯ ಎರಡು ಸಲ, ಪ್ರತಿ ಊರಿನಿಂದ ಒಮ್ಮೆ ತೆರೆದು. ಎರಡರ ವೇಳೆ ಕೂಡಿಸಿ ಗೆಲುವು. ಡಿಕ್ಕಿ ಎರಡೂ ಪರದೆಗಳಲ್ಲಿ ಕಂಡರೆ ಮಾತ್ರ ಡಿಕ್ಕಿ.

ಸುದ್ದಿ ಸಂಪಾದಕರು ಓದಿ ಒಂದು ವಿಶೇಷಣ ಹೊಡೆದುಹಾಕಿದರು. "ಎಂಟು ಸಾಲಿನ ಜಾಗಕ್ಕ ಇಪ್ಪತ್ತೆರಡು. ತಪ್ಪು ಒಪ್ಕೊಳ್ಳಾಕ ಜಾಗ ಜಾಸ್ತಿ ಬೇಕಾಗತೈತಿ" ಎಂದರು.

ಸಂಜೆ ಖಾನಾಪುರಕ್ಕೆ ಫೋನ್ ಮಾಡಿ ಸುದ್ದಿಯನ್ನು ಪೂರ್ತಿ ಓದಿ ಹೇಳಿದೆ. ಹಿಂದೆ ಟೈಪ್‌ರೈಟರುಗಳ ಸದ್ದು ಕೇಳುತ್ತಿತ್ತು. ಆಕೆ ಯಾರಿಗೋ, "ಏ, ಬೆರಳು ಇಟ್ಟು ಕುಂದರಬ್ಯಾಡ, ಬಡದು ಎತ್ತು" ಎಂದಳು. ಆಮೇಲೆ ನನಗೆ, "ಚಲೋ ಆತ್ರಿ ಸರ್" ಎಂದಳು. "ನಾಕು ರಾತ್ರಿ ಊಟ ಸೇರಿರ್ಲಿಲ್ರಿ. ಈಗ ಹಸಿವಿ ಆಗಾಕ ಹತ್ತೈತಿ" ಎಂದಳು.

ಶುಕ್ರವಾರ ಸುದ್ದಿ ಬಂತು. ಶನಿವಾರ ತಪಾಸಣೆಗೆ ಬಂದ ಅಧಿಕಾರಿ ಪತ್ರಿಕೆ ಓದಿದ್ದರು. "ಆ ಎರಡನೇ ನಂಬರಿನಾಕಿ ನೀವ ಏನ್ರಿ?" ಎಂದು ಕೇಳಿ, ಕಿಟಕಿಗಳನ್ನು ಅಳೆದು, ಟೈಪ್‌ರೈಟರುಗಳನ್ನು ಎಣಿಸಿ ಹೋದರು ಎಂದು ಆಕೆ ಆಮೇಲೆ ಹೇಳಿದಳು.

ಏಳನೆಯ ವಾರ ಅಂಕದ ಪ್ರಕಾರ ಆಕೆಗೂ ಟರ್ನರನಿಗೂ ಜೋಡಿ ಬಿತ್ತು. ಬೆಳಗಾವಿಯಿಂದ ತೆರೆದ ಪಂದ್ಯ ಅವನು ಗೆದ್ದ, ಖಾನಾಪುರದಿಂದ ತೆರೆದದ್ದು ಆಕೆ ಗೆದ್ದಳು. ವೇಳೆ ಕೂಡಿಸಿದಾಗ ಎರಡು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಟರ್ನರ್ ಮುಂದಿದ್ದ. ಎರಡೂ ಪರದೆಗಳಲ್ಲಿ ಕಂಡ ಡಿಕ್ಕಿ ಒಂದು. ಹೊಡೆದವನು ಟರ್ನರ್, ಅವನೇ ಒಪ್ಪಿಕೊಂಡ. ಎರಡು ಅಂಕ ಕಡಿದೆ. ಎಂಟು ವಾರದ ಕೊನೆಗೆ ಅವನು ಮೊದಲನೆಯವನು, ಆಕೆ ಎರಡನೆಯವಳು.

ಎರಡನೆಯ ಸರಣಿ ೨೦೦೧ರ ಜೂನ್‌ನಲ್ಲಿ ಆರಂಭವಾಯಿತು. ಮೊದಲ ಭಾನುವಾರ ಹತ್ತು ಗಂಟೆಗೆ ಖಾನಾಪುರದ ಫೋನ್ ಯಾರೂ ಎತ್ತಲಿಲ್ಲ. ಆ ದಿನ ಆ ಕೋಣೆಯಲ್ಲಿ ಟೈಪಿಂಗ್ ಪರೀಕ್ಷೆ ನಡೆಯುತ್ತಿತ್ತು. ಮೂವತ್ತೊಂದು ಜನ ಕೂತಿದ್ದರು, ಬೀಡಿಯ ಆ ಇಬ್ಬರೂ ಅವರಲ್ಲಿದ್ದರು. ಅಂಕಪಟ್ಟಿಯಲ್ಲಿ ಶಿಕ್ಷಕಿಯ ಹೆಸರಿನ ಮುಂದೆ ಆ ವಾರ ನಾನು ಬರೆದದ್ದು: ಗೈರುಹಾಜರು, ಅಂಕ ಸೊನ್ನೆ.